ಹಳೆಯ ಕಂಪ್ಯೂಟರಿಗೆ ಒಪ್ಪುವ ಕ್ಯಾಮೆರಾ

ನಮ್ಮ ಮನೆಯವರ ಕಣ್ಣು ನಡುವಿನಿಂದ ಹೋಗತೊಡಗಿತ್ತು. ಅಂಚಿನಲ್ಲಿ ಬಾಗಿಲು, ಗೋಡೆ, ಯಾರೋ ಓಡಾಡಿದ ನೆರಳು ಕಾಣುತ್ತಿತ್ತು. ನೆಟ್ಟಗೆ ನೋಡಿದ್ದು ಮಾತ್ರ ಇರುತ್ತಿರಲಿಲ್ಲ. ತುಮಕೂರಿನ ಡಾಕ್ಟರು ರೆಟಿನಾ, ಮ್ಯಾಕ್ಯುಲಾ ಎಂದು ನನ್ನೊಬ್ಬಳಿಗೇ ಇಂಗ್ಲಿಷಿನಲ್ಲಿ ವಿವರಿಸಿ, ಹೋದದ್ದು ವಾಪಸು ಬರುವುದಿಲ್ಲ, ಸಾರಿ, ಎಂದರು. ಕಾನ್ವೆಂಟಿನಲ್ಲಿ ಓದಿದ್ದಕ್ಕೆ ಸಿಕ್ಕ ಲಾಭ, ಕೆಟ್ಟ ಸುದ್ದಿ ಮೊದಲು ನನಗೆ ಅರ್ಥವಾಗುತ್ತದೆ. ಬಸ್ಸಿನಲ್ಲಿ ಇವರು, "ಏನಂದ್ರು ಡಾಕ್ಟ್ರು, ಮೇಡಮ್ಮೋರೇ?" ಎಂದರು. ನಾನು ಇಂಗ್ಲಿಷ್ ಆಡಿದಾಗಲೆಲ್ಲ ಅವರಿಗೆ ಮೇಡಮ್ಮೇ. ಡ್ರಾಪ್ಸ್ ಹಾಕಬೇಕಂತೆ ಎಂದೆ.

ಹೊನ್ನವಳ್ಳಿಯ ಹತ್ತಿರದ ನಮ್ಮ ತೆಂಗಿನ ತೋಟ ಅವರೇ ನೆಟ್ಟು ಬೆಳೆಸಿದ್ದು. ಬೊಡ್ಡೆ ಸವರಿ ಇದು ಬಾವಿ ಪಕ್ಕದ್ದು, ಇದು ಬೇಲಿ ಕಡೆ ವಾಲಿದ್ದು ಎನ್ನುತ್ತಿದ್ದರು. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿದೆಯೇ ಎಂದು ತಿಳಿಯಲೂ ಕಣ್ಣು ಬೇಡ, ಕಿವಿಯ ಬಳಿ ಅಲ್ಲಾಡಿಸಿದರೆ ಸಾಕು. ಆದರೆ ಮರದ ತಲೆಗೆ ಕೈ ಎಟುಕುವುದಿಲ್ಲ. ಆಗ ತಿಪಟೂರು, ತುರುವೇಕೆರೆ ಕಡೆಯೆಲ್ಲ ಕಾಯಿಗೆ ನುಸಿ ಬಿದ್ದಿತ್ತು. ಎಳೆಗಾಯಿ ಕಂದಾಗಿ, ಸೀಳುಬಿಟ್ಟು ಉದುರುತ್ತಿತ್ತು. ನಮ್ಮ ಮರಕ್ಕೂ ಬಂದಿದೆ ಎಂದು ಕಾಯಿ ಕೀಳುವವನು ಹೇಳಿದ. ಬಿದ್ದ ಕಾಯಿಯೊಂದನ್ನು ತಂದು ಇವರ ಕೈಗಿಟ್ಟೆ. ಬೆರಳಾಡಿಸಿ ಕೆಳಗಿಟ್ಟು, "ಬಿದ್ದಿದ್ದು ಇರ್ಲಿ ಕಣೇ, ಮೇಲಿರೋದು ಹೆಂಗಿದೆ, ನಾನೊಂದ್ಸಲ ನೋಡ್ಬೇಕು" ಎಂದರು.

ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ನಾನು ಇಂಗ್ಲಿಷ್ ಪಾಠ ಮಾಡುತ್ತಿದ್ದ ಸ್ಕೂಲಿನವರು ಹೊಸದು ತರಿಸಿದಾಗ ಹಳೆಯದನ್ನು ನನಗೆ ಕೊಟ್ಟಿದ್ದರು. ಒಂದು ಸಂಜೆ ಸುಮ್ಮನೆ ಇವರ ಹೆಸರು ಟೈಪ್ ಮಾಡಿ ಅಕ್ಷರ ಹಿಗ್ಗಿಸುತ್ತ ಹೋದೆ. ಒಂದೇ ಅಕ್ಷರ ಸ್ಕ್ರೀನ್ ತುಂಬಿದಾಗ ಅವರು ಕುತ್ತಿಗೆ ಓರೆ ಮಾಡಿ, ಕಣ್ಣಂಚಿನಲ್ಲಿ ಅದನ್ನು ಓದಿದರು.

"ಅಕ್ಷರ ಹಿಂಗೆ ದೊಡ್ಡದಾಗುತ್ತೆ ಅಂದ್ಮೇಲೆ ಮರ ಆಗಲ್ವೇನೇ?"

ಆ ಮಾತಿನ ಹಿಂದೆ ನಾನು ಕ್ಯಾಮೆರಾ ಹುಡುಕಿಕೊಂಡು ತಿಪಟೂರಿಗೆ ಅಲೆದೆ. ಅಲ್ಲಿನ ಫೋಟೋ ಸ್ಟುಡಿಯೋದವರು ಸೋಪಿನ ಡಬ್ಬಿಯಷ್ಟು ಚೆಂದದ ಡಿಜಿಟಲ್ ಕ್ಯಾಮೆರಾಗಳನ್ನು ಮೇಜಿನ ಮೇಲಿಟ್ಟು, ನಿಮ್ಮ ಕಂಪ್ಯೂಟರಿಗೆ ಯುಎಸ್‌ಬಿ ಇದೆಯೇ ಎಂದು ಕೇಳಿದರು. ಶೇಕ್ಸ್‌ಪಿಯರ್ ಕಲಿಸಿದ್ದೆ, ಇದು ಗೊತ್ತಿರಲಿಲ್ಲ. ಮನೆಗೆ ಬಂದು, ಟಾರ್ಚ್ ಹಿಡಿದು ಬಗ್ಗಿ, ಕಂಪ್ಯೂಟರಿನ ಹಿಂದಿದ್ದ ತೂತುಗಳ ಚಿತ್ರ ಬರೆದುಕೊಂಡು ಹೋದೆ. ಅವರು ನೋಡಿ, ಇದಕ್ಕೆ ಯಾವುದೂ ಸೇರುವುದಿಲ್ಲ, ಕಂಪ್ಯೂಟರನ್ನೇ ಬದಲಾಯಿಸಿ ಎಂದರು. ನಮ್ಮ ಮನೆಯಲ್ಲಿ ಅದು ಸುಲಭವಾಗಿ ಆಡುವ ಮಾತಾಗಿರಲಿಲ್ಲ. ಹಳೆಯ ಥರದ ಕೇಬಲ್ ಇದ್ದ ಇನ್ನೊಂದನ್ನು ಕೊಟ್ಟು ಕಳಿಸಿದರು. ಕೇಬಲ್ ಸೇರಿತು, ಅದರ ಸಿ.ಡಿ. ಮಾತ್ರ ನಮ್ಮ ವಿಂಡೋಸ್ ತೀರಾ ಹಳೆಯದು ಎಂದು ಇಂಗ್ಲಿಷಿನಲ್ಲಿ ಬಹಳ ಪೊಲೈಟ್ ಆಗಿ ತಿಳಿಸಿತು. ವಾಪಸು ಕೊಟ್ಟೆ. ಅಷ್ಟರಲ್ಲಿ ಇವರಿಗೆ ಗಡಿಯಾರದ ಮುಳ್ಳು ಕಾಣುವುದು ನಿಂತಿತ್ತು.

ಕೊನೆಗೆ ಸಿಕ್ಕಿದ್ದು ಇಟ್ಟಿಗೆಯಂಥ ಒಂದು ಕ್ಯಾಮೆರಾ. ಚಿಕ್ಕನಾಯಕನಹಳ್ಳಿಯಲ್ಲಿ ಮದುವೆ ವಿಡಿಯೋ ಮಾಡುವವರೊಬ್ಬರು ಬೇಡವೆಂದು ಅದೇ ಸ್ಟುಡಿಯೋದಲ್ಲಿ ಬಿಟ್ಟುಹೋದದ್ದು. ಫ್ಲಾಪಿಯನ್ನು ಹೊಟ್ಟೆಯೊಳಗೇ ಹಾಕಿಕೊಳ್ಳುತ್ತಿತ್ತು. ಕೇಬಲ್ ಬೇಡ, ಸಿ.ಡಿ. ಬೇಡ, ಫ್ಲಾಪಿ ತೆಗೆದು ಕಂಪ್ಯೂಟರಿಗೆ ಹಾಕಿದರೆ ಆಯಿತು.

"ಅಮ್ಮಾ, ಇದ್ರಲ್ಲಿ ಫೋಟೋ ಚಿಕ್ಕದು ಕಣಮ್ಮ" ಎಂದರು ಸ್ಟುಡಿಯೋದವರು. "ಬಾಳ ದೊಡ್ಡದ್ ಮಾಡುದ್ರೆ ಒಡ್ದೋಗುತ್ತೆ."

ದುಬಾರಿ ಕ್ಯಾಮೆರಾ ಮಾರಲು ಹೇಳುವ ಮಾತು ಎಂದುಕೊಂಡೆ.

ಮೊದಲ ದಿನ ಆಕಾಶದ ಬೆಳಕಿಗೆ ಗರಿಯೆಲ್ಲ ಮಸಿಯಾಗಿ ಬಂತು. ಮರುದಿನ ಬೆಳಗಿನ ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು, ಬಾವಿ ಪಕ್ಕದ ಮರದ ತಲೆಯನ್ನು ಝೂಮ್ ಮಾಡಿ ತೆಗೆದೆ. ಮನೆಯಲ್ಲಿ ಇವರು ಸ್ನಾನ ಮುಗಿಸಿ, ಒಗೆದ ಅಂಗಿ ಹಾಕಿಕೊಂಡು, ಮದುವೆಗೆ ಹೊರಟವರಂತೆ ಕಂಪ್ಯೂಟರಿನ ಮುಂದೆ ಕೂತಿದ್ದರು. ಫ್ಲಾಪಿ ಗೊರಗುಟ್ಟಿತು. ಚಿತ್ರ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಯಿತು: ಆಕಾಶ, ಗರಿ, ಗೊನೆ. ನನಗೆ ಎಲ್ಲ ಕಾಣಿಸಿತು. ತೊಟ್ಟಿನ ಕೆಳಗೆ ಕಂದು ಪಟ್ಟೆ, ಒಂದೊಂದು ಕಾಯಿಗೂ.

"ದೊಡ್ಡದ್ ಮಾಡು" ಎಂದರು. ಮಾಡಿದೆ. "ಇನ್ನೂ." ಅವರಿಗೆ ಬೇಕಾದಷ್ಟು ದೊಡ್ಡದಾಗುವ ಹೊತ್ತಿಗೆ ಕಾಯಿ ಇರಲಿಲ್ಲ, ಗರಿ ಇರಲಿಲ್ಲ. ಹಸಿರು, ಕಂದು ಚೌಕಗಳು ಸ್ಕ್ರೀನ್ ತುಂಬ ಜೋಡಿಸಿಟ್ಟಂತೆ ನಿಂತಿದ್ದವು. ಅವರು ಕುತ್ತಿಗೆಯನ್ನು ಒಂದು ಕಡೆಗೆ, ಮತ್ತೊಂದು ಕಡೆಗೆ ಓರೆ ಮಾಡಿದರು.

"ಏನೇ ಇದು, ಬಚ್ಚಲ ಟೈಲ್ಸ್ ಫೋಟೋ ತೆಗ್ದಿದೀಯಾ?"

ಇಬ್ಬರೂ ನಕ್ಕೆವು. ಬೇರೆ ಕ್ಯಾಮೆರಾ ನೋಡೋಣ ರೀ ಎಂದೆ. ಅವರು ಕೈ ಚಾಚಿ ಗಾಜನ್ನು ಮುಟ್ಟಿದರು. "ಬುಡು. ಹಸ್ರು ಐತಲ್ಲ, ಅಷ್ಟು ಗೊತ್ತಾಗುತ್ತೆ. ಹಂಗೇ ಇರ್ಲಿ."

ಅಲ್ಲಿಂದ ಅದೊಂದು ಅಭ್ಯಾಸವಾಯಿತು. ಬೆಳಗಿನ ಕಾಫಿ ಮುಗಿದ ಮೇಲೆ ಆ ಚೌಕಗಳನ್ನು ತೆರೆದಿಡುತ್ತಿದ್ದೆ, ಅವರು ಎದುರಿಗೆ ಕೂತು ರೇಡಿಯೋ ಕೇಳುತ್ತಿದ್ದರು. ತೋಟದಲ್ಲಿ ಎಳೆಗಾಯಿ ಉದುರುತ್ತಲೇ ಇತ್ತು. ಅದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಎಂದಿನಂತೆ ಚಿತ್ರ ತೆರೆದು, ಲೋಟ ತೊಳೆದಿಟ್ಟು ಬಂದೆ. ಸ್ಕ್ರೀನ್ ತುಂಬ ಹಸಿರಿತ್ತು, ಅವರ ಒಗೆದ ಅಂಗಿಯ ಮೇಲೂ ಅದರ ಬೆಳಕು ಬಿದ್ದಿತ್ತು. ಅವರು ಅದರ ಎದುರಿಗೇ ಕುತ್ತಿಗೆ ಓರೆ ಮಾಡಿ ಕೂತಿದ್ದರು.

"ಇವತ್ತು ಹಾಕ್ಲಿಲ್ವೇನೇ?"

ಕರೆಂಟ್ ಇಲ್ಲ ಕಣ್ರೀ ಎಂದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು.

ಅವರು ಫ್ಯಾನಿನ ಸದ್ದಿನ ಕಡೆ ಮುಖ ಎತ್ತಿದರು. "ಆಯ್ತು, ಬಂದಾಗ ಹಾಕು" ಎಂದರು.