ಮಣ್ಣಿನೊಳಗೆ ಓಗೊಟ್ಟವರು

೧೯೯೪ರಲ್ಲಿ ನನ್ನ ಓದು ನಿಂತಿತು. ಏಳನೇ ಕ್ಲಾಸು ಮುಗಿಸಿ ಎಂಟಕ್ಕೆ ಹೆಸರು ಬರೆಸಬೇಕು ಅನ್ನುವಾಗ ಅಪ್ಪ ಕೈಗೆ ಗುದ್ದಲಿ ಕೊಟ್ಟರು. ಅದಕ್ಕೆ ನನಗೆ ಬೇಜಾರಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ನಾನು ತೋಡಿದ ಬಾವಿಯ ನೀರು ಕುಡಿದ ಮೇಷ್ಟ್ರುಗಳು ಬೇಕಾದಷ್ಟು ಜನ ಇದ್ದಾರೆ. ಜಂಬಕ್ಕೆ ಹೇಳುತ್ತಿದ್ದಾನೆ ಅಂತ ನೀವು ಅಂದುಕೊಂಡರೆ, ಹೌದು, ಜಂಬಕ್ಕೇ ಹೇಳುತ್ತಿದ್ದೇನೆ. ದುಡಿದವನಿಗೆ ಅಷ್ಟು ಇರಬೇಕು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಪವಾಡ, ದರ್ಶನ ಇವು ಯಾವುದನ್ನೂ ನಾನು ನಂಬುತ್ತಿರಲಿಲ್ಲ. ನಮ್ಮದು ಅಜ್ಜನ ಕಾಲದಲ್ಲಿ ಘಟ್ಟದ ಕೆಳಗಿನಿಂದ ಮೇಲೆ ಬಂದ ಕೊಂಕಣಿ ಕ್ರೈಸ್ತರ ಮನೆ. ಊರಲ್ಲಿ ನನ್ನನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ನಮ್ಮ ಜನಕ್ಕೆಲ್ಲ ಅವರು ಇಟ್ಟಿರುವ ಹೆಸರೇ ನನಗೂ, 'ಪೊರ್ಬು'. ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಗಳಲ್ಲಿ ಜಪಸರ ಹಿಡಿದು ಪ್ರಾರ್ಥನೆ ಮಾಡುತ್ತಾರೆ. ಅದಕ್ಕೊಂದು ರೀತಿ ಇದೆ. ಮನೆಯ ಯಜಮಾನ ಮೊದಲರ್ಧ ಹೇಳಬೇಕು, ಉಳಿದವರು ಉಳಿದರ್ಧ ಹೇಳಿ ಮುಗಿಸಬೇಕು. ಯಜಮಾನ ಪೂರ್ತಿ ತಾನೇ ಹೇಳುವ ಹಾಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಮೊದಲರ್ಧ ನನ್ನ ಪಾಲಿಗೆ ಬಂತು. ನಾನು ಸ್ನಾನ, ಮೈಕೈ ನೋವು ಅಂತ ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ಹೆಂಡತಿ ಲೀನಾ ಮೊದಲರ್ಧ ಹೇಳುತ್ತಿದ್ದಳು, ಹೆಣ್ಣುಮಕ್ಕಳಿಬ್ಬರು ಮುಗಿಸುತ್ತಿದ್ದರು. ಕ್ರಿಸ್ಮಸ್ಸಿಗೆ ಮಾತ್ರ, ಅವಳು ಮುಖ ಊದಿಸಿಕೊಳ್ಳುತ್ತಾಳೆ ಅಂತ ಚರ್ಚಿಗೆ ಹೋಗುತ್ತಿದ್ದೆ.

ಬಾವಿ ಕೆಲಸದಲ್ಲೂ ಇಂಥದೇ ಒಂದು ರೀತಿ ಇದೆ. ಕೆಳಗಿರುವವನು ಬುಟ್ಟಿ ತುಂಬಿ 'ಹೋ' ಅನ್ನಬೇಕು. ಮೇಲಿರುವವರು 'ಹೋ' ಅಂತ ಓಗೊಡಬೇಕು. ಓಗೊಡದೆ ಹಗ್ಗ ಎಳೆಯುವ ಹಾಗಿಲ್ಲ. ಮಣ್ಣು ತುಂಬಿದ ಬುಟ್ಟಿ ತಲೆಯ ಮೇಲಿಂದ ಹೋಗುವಾಗ ಕೆಳಗಿನವನ ಜೀವ ಆ ಒಂದು ಕೂಗಿನಲ್ಲಿ ಇರುತ್ತದೆ. ನಮ್ಮ ಗುಂಪಿನಲ್ಲಿ ಕೆಳಗೆ ನಾನು ಮತ್ತು ಗಾಮಪ್ಪ. ಮೇಲೆ ಹಗ್ಗದ ಹತ್ತಿರ ಗಾಮಪ್ಪನ ಹೆಂಡತಿ ಹೂವಮ್ಮ, ಅವಳ ಜೊತೆ ಎಳೆಯಲಿಕ್ಕೆ ಆಯಾ ಊರಿನ ಆಳುಗಳು. ಗಾಮಪ್ಪ 'ಹೋ' ಅಂದರೆ ಹೂವಮ್ಮನ 'ಹೋ' ಬಂತು ಅಂತಲೇ. ಮದುವೆಯಾದಾಗಿನಿಂದ ಅವರಿಬ್ಬರದು ಹಾಗೇ.

ಗಾಮಪ್ಪ ದೀವರ ಜಾತಿಯವನು, ನನಗಿಂತ ಸ್ವಲ್ಪ ದೊಡ್ಡವನು, ಬಾಯಿ ಜೋರು. ಕೆಲಸ ಮುಗಿಸಿ ನಮ್ಮ ಮನೆಗೆ ಬಂದರೆ, ಪ್ರಾರ್ಥನೆ ಮುಗಿಯುವ ತನಕ ಜಗಲಿಯಲ್ಲಿ ಕೂತು ಎಲೆ ಹಾಕುತ್ತಿದ್ದ. ಮುಗಿದ ಮೇಲೆ ಒಳಗೆ ತಲೆ ಹಾಕಿ, "ಲೀನಕ್ಕ, ನಿಮ್ಮ ದೇವ್ರಿಗೆ ಕಿವಿ ಮಂದವಾ? ಒಂದೇ ಮಾತು ಎಷ್ಟು ಸಲ ಹೇಳ್ತೀರಿ ಮಾರಾಯ್ತಿ!" ಅನ್ನುತ್ತಿದ್ದ. ಲೀನಾ, "ನಿನ್ನಂಥವರು ಹೊರಗೆ ಕೂತು ಗಲಾಟೆ ಮಾಡ್ತೀರಲ್ಲ, ಅದಕ್ಕೆ" ಅನ್ನುತ್ತಿದ್ದಳು. ಆಮೇಲೆ ಮೀನು ಸಾರು.

ಕೊರೊನಾ ಬರುವುದಕ್ಕೆ ಹಿಂದಿನ ಬೇಸಿಗೆ. ಕವಲೇದುರ್ಗದ ಬುಡದಲ್ಲಿ ಯಾರೋ ಹೊರಗಿನವರು ಹೋಂಸ್ಟೇ ಕಟ್ಟಿಸುತ್ತಿದ್ದರು. ಬೋರ್‌ವೆಲ್ ಆಗಲೇ ಇತ್ತು, ನೀರಿಗೇನೂ ಬರವಿರಲಿಲ್ಲ. ಆದರೂ ಯಜಮಾನನಿಗೆ ಕಲ್ಲು ಕಟ್ಟಿದ, ರಾಟೆ ಹಾಕಿದ ಬಾವಿ ಬೇಕಿತ್ತು. ಬರುವವರು ನೀರು ಸೇದಿ ಫೋಟೊ ತೆಗೆಸಿಕೊಳ್ಳುತ್ತಾರಂತೆ. ನಮಗೇನು, ಕೆಲಸ ಕೆಲಸವೇ. ಮೇಲೆ ಜಂಬಿಟ್ಟಿಗೆ ಕಲ್ಲು, ಗಟ್ಟಿ. ಅದರ ಕೆಳಗೆ ಶೇಡಿ ಮಣ್ಣು ಸಿಕ್ಕಿತು. ಅದು ಬಿಳಿ, ನಸುಗೆಂಪು, ಸಾಬೂನಿನ ಹಾಗೆ ನುಣ್ಣಗೆ. ನೋಡಲಿಕ್ಕೆ ಚೆಂದ, ನಂಬಿಕೆಗೆ ಅಲ್ಲ. ಮೇಲೆ ಭಾರ ಬಿದ್ದರೆ ಹೇಳದೆ ಕೇಳದೆ ಜಾರುತ್ತದೆ.

ಅವತ್ತು ಬೆಳಿಗ್ಗೆ ಬಾವಿಯ ಅಂಚಿನಲ್ಲೇ ಅಂಗಳ ಸಮ ಮಾಡಲಿಕ್ಕೆ ಜೆಸಿಬಿ ಬಂತು. ನಾನು ಯಜಮಾನನಿಗೆ ಹೇಳಿದೆ, "ಸಾರ್, ಎರಡು ದಿನ ತಡ್ಕೊಳಿ. ಕೆಳಗೆ ಶೇಡಿ ಇದೆ, ನಡುಗಿದ್ರೆ ಬಿಟ್ಕೊಳತ್ತೆ." ಅವನು ನಕ್ಕ. "ಬಾವಿಗೂ ಹೆದರಿಕೆಯಾ ಪೊರ್ಬು?" ಅಂದ. ಜೆಸಿಬಿಯನ್ನು ಆ ಕಡೆ ಕಳಿಸಿದ ಹಾಗೆ ಮಾಡಿದ. ನಾವು ಊಟ ಮುಗಿಸಿ ಇಳಿದ ಮೇಲೆ ಅದು ತಿರುಗಿ ಬಂತು.

ಗಾಮಪ್ಪ ನನ್ನ ಎಡಗಡೆ ಬಗ್ಗಿ ಬುಟ್ಟಿ ತುಂಬುತ್ತಿದ್ದ. 'ಹೋ' ಅಂದ. ಮೇಲಿಂದ ಹೂವಮ್ಮ 'ಹೋ' ಅಂದಳು. ಅಷ್ಟರಲ್ಲಿ ಬದಿಯ ಮಣ್ಣಿನ ಗೋಡೆ ಕುಸಿದು ಕೂತಿತು. ದೊಡ್ಡ ಸದ್ದೇನೂ ಇಲ್ಲ. ಹಿಟ್ಟಿನ ಚೀಲ ಬಿದ್ದ ಹಾಗೆ ಒಂದು ದಪ್ಪನೆಯ ಸದ್ದು, ಅಷ್ಟೇ.

ನಿಲ್ಲಲಿಕ್ಕೆ ಹಾಕಿದ್ದ ಹಲಗೆ ನನ್ನ ತಲೆಯ ಮೇಲೆ ಓರೆಯಾಗಿ ಸಿಕ್ಕಿಕೊಂಡಿತ್ತು. ಅದರ ಸಂದಿಯಲ್ಲಿ ಮುಖದಷ್ಟು ಜಾಗ, ಕೂದಲೆಳೆಯಷ್ಟು ಬೆಳಕು. ಕುತ್ತಿಗೆಯಿಂದ ಕೆಳಗೆ ಮಣ್ಣು. ಎಡಗೈ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. 'ಹೋ' ಅಂದೆ. ಮೇಲಿಂದ ಓಗೊಡುವವರು ಯಾರೂ ಇಲ್ಲ. ಹೂವಮ್ಮ ಜನ ಕರೆಯಲಿಕ್ಕೆ ಓಡಿದ್ದಳು, ಆಳುಗಳು ಹೆದರಿ ದೂರ ಸರಿದಿದ್ದರು ಅಂತ ಆಮೇಲೆ ತಿಳಿಯಿತು. ಜೀವನದಲ್ಲಿ ಮೊದಲ ಸಲ ನನ್ನ ಕೂಗಿಗೆ ಉತ್ತರ ಬರಲಿಲ್ಲ. ಸಾವಿನ ಹೆದರಿಕೆ ಆಮೇಲೆ ಬಂತು, ಮೊದಲು ಬಂದದ್ದು ಇದರ ಹೆದರಿಕೆ.

"ಗಾಮಪ್ಪಾ" ಅಂತ ಕರೆದೆ. ಇಲ್ಲ. ಬೈದೆ. ನಾನು ಬೈದರೆ ಅವನು ತಿರುಗಿ ಬೈಯದೆ ಬಿಟ್ಟವನಲ್ಲ. ಅದಕ್ಕೂ ಇಲ್ಲ.

ಆಗ ನನ್ನ ಬಾಯಿಗೆ ಪ್ರಾರ್ಥನೆಯ ಮೊದಲರ್ಧ ಬಂತು. ಭಕ್ತಿಯಿಂದ ಹೇಳಿದೆ ಅಂದರೆ ಸುಳ್ಳಾದೀತು. ಬೇರೆ ಮಾತು ಉಳಿದಿರಲಿಲ್ಲ. ಕೊಂಕಣಿಯಲ್ಲಿ, ಅಪ್ಪ ಹೇಳುತ್ತಿದ್ದ ಹಾಗೆ ಅರ್ಧ ಹೇಳಿ, ಅಭ್ಯಾಸಬಲದಿಂದ ನಿಲ್ಲಿಸಿದೆ.

ಎಡಗಡೆಯಿಂದ ಉಳಿದರ್ಧ ಬಂತು.

ಇದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ, ಒಂದಿಷ್ಟೂ ಸೇರಿಸಿಲ್ಲ. ಗಂಡಸಿನ ದನಿ. ಸಣ್ಣಗೆ, ಅವಸರವಿಲ್ಲದೆ, ಕೊಂಕಣಿಯಲ್ಲೇ, ಕೊನೆಯ ತನಕ. ನಾನು ಮತ್ತೆ ಮೊದಲರ್ಧ ಹೇಳಿದೆ. ಮತ್ತೆ ಬಂತು. "ಗಾಮಪ್ಪಾ, ಉಸಿರಾಡ್ತಿದೀಯಾ?" ಅಂತ ಕೇಳಿದೆ. ಸುಮ್ಮನಾಯಿತು. ಪ್ರಾರ್ಥನೆಗೆ ಬಿಟ್ಟು ಬೇರೆ ಯಾವುದಕ್ಕೂ ಅದು ಓಗೊಡಲಿಲ್ಲ, ತಾನಾಗಿ ಶುರುವನ್ನೂ ಮಾಡಲಿಲ್ಲ. ನಾನು ಸುಸ್ತಾಗಿ ನಿಲ್ಲಿಸಿದರೆ ಅದೂ ಕಾಯುತ್ತಿತ್ತು. ಕಾಯುತ್ತಿದೆ ಅಂತ ನನಗೆ ಗೊತ್ತಾಗುತ್ತಿತ್ತು, ಹೇಗೆ ಅಂತ ಕೇಳಬೇಡಿ. ಸಾರಿನ ಕುದಿ ಇಳಿದ ಹಾಗೆ ಹೆದರಿಕೆ ಇಳಿಯಿತು. ಕೈ ಹೋಯಿತು, ಪ್ರಾಣವೂ ಹೋಗಬಹುದು, ಆದರೆ ಒಬ್ಬನೇ ಅಲ್ಲ ಅನ್ನಿಸಿತು. ಹುಟ್ಟಿದಂದಿನಿಂದ ನನಗೆ ಅಂಥ ನೆಮ್ಮದಿ ಸಿಕ್ಕಿರಲಿಲ್ಲ. ಸಿಕ್ಕ ಜಾಗ ನೋಡಿ.

ಇಷ್ಟೇ ಆಗಿದ್ದರೆ ಮಣ್ಣಲ್ಲಿ ಸಿಕ್ಕವನ ತಲೆ ಕೆಟ್ಟಿತ್ತು ಅಂತ ನಾನೇ ತೀರ್ಮಾನ ಮಾಡಿ ಮರೆಯುತ್ತಿದ್ದೆ. ಆದರೆ ಇಳಿಹೊತ್ತಿಗೆ ಬೆಂಕಿ ಆರಿಸುವವರ ಗಾಡಿ ಬಂತು. ಅವರಲ್ಲೊಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಮಣ್ಣಿಗೆ ಕಿವಿ ಕೊಟ್ಟು, ಮೇಲಕ್ಕೆ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿತು. "ಇಬ್ರೂ ಇದಾರೆ! ಇಬ್ರೂ ಮಾತಾಡ್ತಿದಾರೆ!"

ಆ ಮಾತು ಹೂವಮ್ಮನಿಗೂ ಕೇಳಿತು. ಅಂಚು ಕುಸಿಯುತ್ತದೆ ಅಂತ ಅವಳನ್ನು ದೂರ ನಿಲ್ಲಿಸಿದ್ದರಂತೆ. ಅಲ್ಲೇ ಕೂತು ನೆಲ ಮುಟ್ಟಿ ನಮಸ್ಕಾರ ಮಾಡಿ, "ಹೋ, ಹೋ" ಅಂತ ಕೂಗಿದಳಂತೆ, ಮತ್ತೆ ಮತ್ತೆ.

ನನ್ನ ತಲೆ ಕಂಡಿತ್ತು, ಆದ್ದರಿಂದ ನನ್ನನ್ನು ಮೊದಲು ಬಿಡಿಸಿದರು. ಬುಟ್ಟಿಯಿಂದ, ಬರಿಗೈಯಿಂದ ಬಗೆದರು. ಆಮೇಲೆ ಗಾಮಪ್ಪನನ್ನು. ಅವನ ಕುತ್ತಿಗೆ ಮುರಿದಿತ್ತು. ಬಾಯಿ, ಮೂಗು ಶೇಡಿ ಮಣ್ಣಿನಿಂದ ಗಿಡಿದು ಹೋಗಿತ್ತು. ಬಿದ್ದ ಕ್ಷಣಕ್ಕೇ ಪ್ರಾಣ ಹೋಗಿದೆ, ಮಾತಾಡುವುದು ಹಾಗಿರಲಿ, ನರಳಲಿಕ್ಕೂ ಆಗಿರುವುದಿಲ್ಲ ಅಂತ ಡಾಕ್ಟರು ಹೇಳಿದರು. ಹೆಣ ಮೇಲೆ ಬರುವ ಮೊದಲು ಯಜಮಾನ ಮಣ್ಣು ಬಗೆಯುತ್ತಿದ್ದವರ ಹತ್ತಿರ ಕೇಳಿದ್ದು ಒಂದೇ ಮಾತು: "ಕೆಳಗೆ ನೀರು ಬಂದಿತ್ತಾ?"

ನನ್ನ ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಿ ತೆಗೆದರು. ಕಾರ್ಯ ಮುಗಿಸಿ ಹೂವಮ್ಮ ಆಸ್ಪತ್ರೆಗೆ ಬಂದಳು. ಅತ್ತಿರಲಿಲ್ಲ. ಮಂಚದ ಪಕ್ಕ ನಿಂತು ಕೇಳಿದಳು, "ಪೊರ್ಬಣ್ಣ, ಹಗ್ಗ ಕಟ್ಕೊಂಡು ಇಳಿದವ ಕೂಗಿದ್ನಲ್ಲ, ಇಬ್ರೂ ಮಾತಾಡ್ತಿದಾರೆ ಅಂತ. ನಿಂಗೆ ಅವ್ರ ದನಿ ಕೇಳ್ತಾ?"

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ.

ಅವಳು ಬಗ್ಗಿ, ನನ್ನ ಮೋಟುಗೈಯಿಂದ ಸರಿದಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದಳು. ಆಮೇಲೆ ಅಂದಳು, "ಅದು ಅವ್ರೇ ಆದ್ರೆ, ಸಂಜೆ ತನಕ ಜೀವ ಇತ್ತು. ನಿನ್ನ ಬಿಡಿಸೋ ಹೊತ್ತಿಗೆ ಅವ್ರನ್ನ ಬಿಡಿಸಬಹುದಿತ್ತು. ನಾ ಮೇಲಿಂದ ಕೂಗಿದ್ದು ಅವ್ರಿಗೆ ಕೇಳಿರತ್ತೆ. ಇಷ್ಟು ವರ್ಷ ಹಗ್ಗದ ಹತ್ರ ನಿಂತು ಓಗೊಟ್ಟವಳು ನಾನು. ನಂಗೆ ಒಂದು 'ಹೋ' ಅನ್ನದೆ, ನಿನ್ನ ಜಪಕ್ಕೆ ಓಗೊಟ್ರಾ?" ಬಾಗಿಲ ಕಡೆ ತಿರುಗಿ, "ಅವ್ರಲ್ಲದಿದ್ರೆ ನಿಮ್ಮ ದೇವ್ರು ಅಂತಿಟ್ಕೊ. ಅಷ್ಟು ದೂರ ಇಳಿದು ಬಂದೋರು, ಪಕ್ಕದವನ ಬಾಯಲ್ಲಿದ್ದ ಮಣ್ಣು ತೆಗೆಯೋಕೆ ಕೈ ಇರ್ಲಿಲ್ವಾ?" ಅಂದು ಹೊರಟುಹೋದಳು.



ಊರಿನವರಿಗೆ ಬಾಯಿಗೆ ಕೆಲಸ ಸಿಕ್ಕಿತು. "ಪೊರ್ಬು ತನ್ನ ದೇವ್ರನ್ನ ಕರೆದು ಬಚಾವಾದ, ಗಾಮಪ್ಪಂದು ಲೈನು ಬಿಜಿ ಇತ್ತು" ಅಂತ ಚಾ ಅಂಗಡಿಯಲ್ಲಿ ನಗೆ. ನಮ್ಮ ಪ್ರಾರ್ಥನಾ ಕೂಟದವರು ಇನ್ನೊಂದು ತೆರನಾದವರು. ವೇದಿಕೆಗೆ ಬಂದು ಸಾಕ್ಷಿ ಹೇಳು, ದೇವರು ತನ್ನವನನ್ನು ಹೇಗೆ ಉಳಿಸಿದ ಅಂತ ನಾಲ್ಕು ಜನ ಕೇಳಲಿ ಅಂದರು. ನನಗೆ ಸಿಟ್ಟು ಬಂತು. "ಮಣ್ಣೊಳಗೆ ಯಾರು ತನ್ನವ, ಯಾರು ಬೇರೆಯವ ಅಂತ ದೇವ್ರು ನೋಡ್ತಾನೆ ಅಂತಾದ್ರೆ ನಂಗೆ ಆ ದೇವ್ರು ಬೇಡ" ಅಂದು ಎದ್ದು ಬಂದೆ. ನಮ್ಮ ಪಾದ್ರಿಗಳು ಮಾತ್ರ ಬೇರೆ ಥರ. ಎಲ್ಲ ಕೇಳಿ, "ನಾನು ಅಲ್ಲಿರಲಿಲ್ಲ. ಇದ್ದವನು ನೀನು. ನನ್ನ ಹತ್ರ ಅರ್ಥ ಕೇಳಬೇಡ" ಅಂದರು. ಅವತ್ತಿನಿಂದ ಭಾನುವಾರದ ಚರ್ಚು ತಪ್ಪಿಸಿಲ್ಲ.

ಬಾವಿಯಲ್ಲಿ ಮಾರ್ದನಿ ಆಗಿರಬೇಕು ಅಂತ ಓದಿದವರು ಹೇಳಿದರು. ಬಾವಿಯ ಮಾರ್ದನಿ ನನಗೆ ಅವರು ಕಲಿಸಬೇಕೇ? ಅದು ನಾನು ಹೇಳಿದ್ದನ್ನೇ ತಿರುಗಿ ಹೇಳುತ್ತದೆ, ನಾನು ಹೇಳದ ಉಳಿದರ್ಧವನ್ನಲ್ಲ. ಜಗಲಿಯಲ್ಲಿ ಕೂತು ಕೂತು ಗಾಮಪ್ಪನಿಗೆ ಬಾಯಿಪಾಠ ಆಗಿತ್ತು ಅಂತ ಲೀನಾ ಹೇಳುತ್ತಾಳೆ. ಆಗಿದ್ದರೂ ಆಗಿರಬಹುದು. ಆದರೆ ಮಣ್ಣು ತುಂಬಿದ ಬಾಯಿ? ಹಗ್ಗ ಕಟ್ಟಿಕೊಂಡು ಇಳಿದಿದ್ದವನನ್ನು ಒಮ್ಮೆ ತೀರ್ಥಹಳ್ಳಿ ಪೇಟೆಯಲ್ಲಿ ಹಿಡಿದು ಕೇಳಿದೆ. ಅವನು ನನ್ನ ಮುಖ ನೋಡದೆ, "ನಿಮ್ಮೊಬ್ಬರದೇ ಇರಬೇಕು, ನಂಗೆ ಸರಿ ಕೇಳಿಲ್ಲ" ಅಂದು ಬೈಕು ಹತ್ತಿದ.

ಒಂದು ಕೈಯಲ್ಲಿ ಬಾವಿ ತೋಡಲಿಕ್ಕೆ ಆಗುವುದಿಲ್ಲ. ಸಿಮೆಂಟಿನ ರಿಂಗು ಎರಕ ಹೊಯ್ಯುವುದನ್ನು ಶುರು ಮಾಡಿದೆ. ಶೇಡಿ ಸಿಕ್ಕ ಕಡೆ ರಿಂಗು ಇಳಿಸುತ್ತಾ ಇಳಿಸುತ್ತಾ ತೋಡಿದರೆ ಗೋಡೆ ಕೂರುವುದಿಲ್ಲ. ರಿಂಗು ಬೇಡ ಅನ್ನುವವರ ಕೆಲಸಕ್ಕೆ ನಮ್ಮ ಕಡೆಯ ಯಾವ ಗುಂಪೂ ಈಗ ಹೋಗುವುದಿಲ್ಲ, ಹೋಗಲಿಕ್ಕೆ ನಾನು ಬಿಡುವುದಿಲ್ಲ. ಬೇರೆಯವರು ಇಳಿದಾಗ ನಾನು ಅಂಚಿನಲ್ಲಿ ಕೂರುತ್ತೇನೆ. ಹಗ್ಗ ಎಳೆಯಲಾರೆ, ಓಗೊಡಬಲ್ಲೆ. ಏನೇ ಬಂದರೂ ಅಲ್ಲಿಂದ ಏಳುವುದಿಲ್ಲ. ದೇವರು ನನ್ನನ್ನು ಯಾಕೆ ಉಳಿಸಿದ ಅಂತ ನಾನು ಹೇಳಲಾರೆ. ಉಳಿದ ಮೇಲೆ ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತಾಗಿದೆ. ನೆಮ್ಮದಿಯೂ ಇದೆ. ಹಾಗೆ ಹೇಳಲಿಕ್ಕೆ ನಾಚಿಕೆಯಾಗುತ್ತದೆ. ನನಗೆ ನೆಮ್ಮದಿ ಕೊಟ್ಟ ದನಿಯೇ ಇನ್ನೊಬ್ಬಳ ನಿದ್ದೆ ತಿಂದಿದೆ.

ಹೂವಮ್ಮ ಬಹಳ ಕಾಲ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಹೋದ ವರ್ಷ ಒಂದು ಸಂಜೆ ಬಂದಳು. ಲೀನಾ ಒಳಗೆ ಕರೆದರೂ ಬರದೆ, ಜಗಲಿಯಲ್ಲಿ ಗಾಮಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತಳು. "ನಿಮ್ಮದು ನಡೀಲಿ. ನಂಗೆ ಕೇಳ್ಬೇಕು" ಅಂದಳು. ನಾನು ಮೊದಲರ್ಧ ಹೇಳಿದೆ, ಹೆಂಡತಿ ಮಕ್ಕಳು ಮುಗಿಸಿದರು. ಪ್ರತಿ ಸಲ ಅವರು ಮುಗಿಸುವಾಗ ಅವಳು ತಲೆ ಓರೆ ಮಾಡಿ, ಅವರ ದನಿಗಳ ನಡುವೆ ಇನ್ನೊಂದನ್ನು ಹುಡುಕುತ್ತಿದ್ದಳು. ಮುಗಿದ ಮೇಲೆ ಎದ್ದು ಹೋದಳು. ಮರುದಿನವೂ ಬಂದಳು. ಈಗ ದಿನಾ ಬರುತ್ತಾಳೆ. ಸಿಕ್ಕಿತಾ ಅಂತ ನಾನು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.

ಓದು ಬಿಟ್ಟವನ ಹತ್ತಿರ ಈಗ ಇರುವುದು ಇಷ್ಟು. ಒಂದು ಕೈ. ರಿಂಗಿನ ಅಚ್ಚು ಮೂರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅಪ್ಪನ ಜಪಸರ ಒಂದು. ಮತ್ತೆ, ಜಗಲಿಯಲ್ಲಿ ಬಾಯಿ ಬಿಡದೆ ಕಿವಿಗೊಟ್ಟು ಕೂತಿರುವ ಒಬ್ಬ ಹೆಂಗಸು.