ಉತ್ತರ ಬಾರದ ನೀಲಿ ಟಿಕ್

ಕೆಂಪು ಸಮುದ್ರದ ದಾರಿಯಲ್ಲಿ ಹಡಗುಗಳ ಮೇಲೆ ದಾಳಿಯಾಗುತ್ತಿದೆ ಎಂಬ ಸುದ್ದಿ ದಿನಬೆಳಗಾದರೆ ಬರುತ್ತಿದ್ದ 2024ರಲ್ಲಿ ನಾನು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಖಾಸಗಿ ಕಂಪನಿಯಲ್ಲಿ ಕುಟುಂಬ ಸಂಪರ್ಕ ವಿಭಾಗದ ಮುಖ್ಯಸ್ಥೆಯಾಗಿದ್ದೆ. ವಿದೇಶಿ ಮಾಲೀಕರ ಹಡಗುಗಳಿಗೆ ಇಲ್ಲಿಂದ ಇಂಜಿನಿಯರುಗಳನ್ನೂ ನಾವಿಕರನ್ನೂ ಒದಗಿಸುವುದು ಕಂಪನಿಯ ವ್ಯವಹಾರ. ಅವರು ಹಡಗು ಹತ್ತಿದ ಮೇಲೆ ಮನೆಯವರ ಫೋನಿಗೆ ಉತ್ತರ ಕೊಡುವುದು ನನ್ನ ಕೆಲಸ. ಮುಖ್ಯಸ್ಥೆ ಎಂದರೆ ಕೈಕೆಳಗೆ ದೊಡ್ಡ ದಂಡು ಇತ್ತೆಂದು ತಿಳಿಯಬೇಡಿ. ಎರಡು ಫೋನು, ಒಂದು ಕಂಪ್ಯೂಟರು, ಬಂದರಿನ ಕ್ರೇನು ಕಾಣುವ ಒಂದು ಕಿಟಕಿ ಮತ್ತು ನಾನು. ವಿಭಾಗ ಅಷ್ಟೇ.

ಫೋನ್ ಮಾಡುವವರಲ್ಲಿ ಹೆಚ್ಚಿನವರಿಗೆ ದೂರು ಇರುತ್ತಿದ್ದುದು ಹಡಗಿನ ಮೇಲಲ್ಲ, ಆ್ಯಪಿನ ಮೇಲೆ. ಹಡಗು ಎಲ್ಲಿದೆ ಎಂದು ನಕ್ಷೆಯ ಮೇಲೆ ಚುಕ್ಕೆ ತೋರಿಸುವ ಟ್ರ್ಯಾಕಿಂಗ್ ಆ್ಯಪ್ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ದಡದಿಂದ ದೂರ ಹೋದ ಹಡಗಿನ ಸಿಗ್ನಲ್ ಉಚಿತ ಆ್ಯಪಿಗೆ ಸಿಗುವುದಿಲ್ಲ; ಚುಕ್ಕೆ ಕೊನೆಗೆ ಕಂಡ ಜಾಗದಲ್ಲೇ ನಿಂತುಬಿಡುತ್ತದೆ. ಮನೆಯವರಿಗೆ ಹಡಗೇ ನಿಂತ ಹಾಗೆ ಕಾಣುತ್ತದೆ. ‘ಇಲ್ಲಿ ನಮಗೆ ಸಿಗ್ನಲ್ ಇಲ್ಲ, ಗಾಬರಿಯಾಗಬೇಡಿ’ ಎಂದು ಒಂದು ಸಾಲು ಹಾಕಲು ಆ ಆ್ಯಪಿನವರಿಗೆ ಏನು ಧಾಡಿಯೋ! ಅಕ್ಷರ ದೊಡ್ಡದಾಗಬೇಕು ಎಂದು ಒಬ್ಬ ತಾಯಿ ಕೇಳುತ್ತಿದ್ದರು. ಮಗನ ಹಡಗನ್ನು ಹುಡುಕುವಾಗ ಸರಿಯಾಗಿ ಅರಬ್ಬಿ ಸಮುದ್ರದ ಮೇಲೆಯೇ ರಮ್ಮಿ ಆಟದ ಜಾಹೀರಾತು ಬಂದು ಕೂರುತ್ತದೆ, ಅದನ್ನು ತೆಗೆಸಿ ಎಂದು ಒಬ್ಬ ತಂದೆ ಜಗಳಕ್ಕೇ ಬರುತ್ತಿದ್ದರು. ಆ ಆ್ಯಪುಗಳನ್ನೆಲ್ಲ ನಾನೇ ರಾತ್ರಿ ಕುಳಿತು ಮಾಡಿದ್ದೇನೋ ಎಂಬಂತೆ ನನ್ನನ್ನು ಬೈಯುತ್ತಿದ್ದರು. ಕಂಪನಿಯ ಪೋರ್ಟಲ್ ಅರ್ಧ ಕೆಲಸದಲ್ಲಿ ನನ್ನನ್ನೇ ಹೊರಗೆ ದಬ್ಬುತ್ತಿತ್ತು. ಅದನ್ನು ಯಾರಿಗೆ ಹೇಳಲಿ?

ಆ ವರ್ಷ ನಮ್ಮ ಒಂದು ಸರಕು ಹಡಗು ಅಪಾಯದ ಪ್ರದೇಶವನ್ನು ದಾಟಬೇಕಾಗಿ ಬಂತು. ಅಂಥ ಕಡೆ ಹಡಗುಗಳು ತಮ್ಮ ಜಾಗವನ್ನು ಪ್ರಸಾರ ಮಾಡುವ ಎಐಎಸ್ ಯಂತ್ರವನ್ನು ಬೇಕೆಂದೇ ಆರಿಸುವುದುಂಟು. ಯಾರೋ ತಿಳಿಯದೆ ಒಂದು ಫೋಟೋ ಹಾಕಿಬಿಟ್ಟರೆ ಕಷ್ಟ ಎಂದು ಸಿಬ್ಬಂದಿಯ ವೈಫೈಯನ್ನೂ ನಿಲ್ಲಿಸುತ್ತಾರೆ. ಹಡಗಿನ ಕ್ಯಾಪ್ಟನ್ ಮಾತ್ರ ದಿನಕ್ಕೊಮ್ಮೆ ಮಾಲೀಕರಿಗೆ ವರದಿ ಕಳಿಸುತ್ತಾರೆ. ಅದಕ್ಕೆ ನೂನ್ ರಿಪೋರ್ಟ್, ಅಂದರೆ ಮಧ್ಯಾಹ್ನದ ವರದಿ, ಎಂದು ಹೆಸರು. ಇದಾವುದನ್ನೂ ಮನೆಯವರಿಗೆ ಹೇಳಕೂಡದು ಎಂದು ನನಗೆ ಆದೇಶ ಬಂತು. ‘ಎಲ್ಲ ಸರಿಯಾಗಿದೆ, ನೆಟ್‌ವರ್ಕ್ ಸಮಸ್ಯೆ’ ಎನ್ನಬೇಕು, ಅಷ್ಟೇ.

ಆ ಹಡಗಿನ ಸೆಕೆಂಡ್ ಇಂಜಿನಿಯರ್ ರಾಮಚಂದ್ರ, ಕುಂಬಳೆ ಕಡೆಯವರು. ನನ್ನ ಊರೂ ಕಾಸರಗೋಡಿನ ಹತ್ತಿರವೇ. ಅವರ ಹೆಂಡತಿ ಸುಜಾತಾ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿದ್ದರು. ಮಲಯಾಳದಲ್ಲಿ ಮಾತಾಡಿ ಸಾಕಾಗಿದ್ದ ನಮಗಿಬ್ಬರಿಗೂ ಫೋನಿನಲ್ಲಿ ಕನ್ನಡ ಸಿಕ್ಕರೆ ಹಬ್ಬ. ವೈಫೈ ನಿಂತ ಮೂರನೆಯ ದಿನ ಅವರ ಫೋನು ಬಂತು. ಸ್ವರದಲ್ಲಿ ಹಬ್ಬವಿರಲಿಲ್ಲ.

“ವಸಂತಕ್ಕ, ಇವರಿಗೆ ಮೆಸೇಜು ಕಳಿಸಿದ್ರೆ ಎರಡು ಟಿಕ್ ಬರ್ತದೆ, ನೀಲಿಯೂ ಆಗ್ತದೆ. ಓದಿ ಆಯ್ತು ಅಂತ ಅಲ್ವಾ? ಮತ್ತೆ ಉತ್ತರ ಯಾಕೆ ಇಲ್ಲ?”

ಹಡಗಿನಲ್ಲಿ ವೈಫೈ ಇಲ್ಲ ಎಂದು ಗೊತ್ತಿದ್ದ ನನಗೆ ಆ ನೀಲಿ ಟಿಕ್ ಎಲ್ಲಿಂದ ಬಂತು ಎಂಬುದೇ ಅರ್ಥವಾಗಲಿಲ್ಲ. ಆ್ಯಪಿನ ಎಡವಟ್ಟು ಇರಬೇಕು ಎಂದು ಸಮಾಧಾನ ಹೇಳಿ ಫೋನಿಟ್ಟೆ.

ಮರುದಿನ ಮಧ್ಯಾಹ್ನದ ವರದಿ ಬರಲಿಲ್ಲ. ಆಂಟೆನಾ ಕೆಟ್ಟಿರಬಹುದು, ಕಾಯಿರಿ ಎಂದರು ಮಾಲೀಕರ ಕಚೇರಿಯವರು. ಕಾಯುವುದು ಅವರಿಗೆ ಸುಲಭ. ನಾನು ಕುರ್ಚಿಯಲ್ಲಿ ಕೂರಲಾರದೆ ಕಿಟಕಿಗೂ ಬಾಗಿಲಿಗೂ ಓಡಾಡಿದೆ. ಐದು ಗಂಟೆಯ ಹೊತ್ತಿಗೆ ಸುಜಾತಾ ಮತ್ತೆ ಫೋನ್ ಮಾಡಿದರು.

“ಟೈಪಿಂಗ್ ಅಂತ ಬಂತು ಅಕ್ಕ. ಸುಮಾರು ಹೊತ್ತು ಬಂತು. ಮತ್ತೆ ನಿಂತೇ ಹೋಯ್ತು. ಇವರು ಹಾಗೆ ಮಾಡುವವರಲ್ಲ. ಫೋನು ಬೇರೆ ಯಾರದೋ ಕೈಯಲ್ಲಿ ಉಂಟು.”

ಅವರು ಆ ‘ಟೈಪಿಂಗ್’ನ ಸ್ಕ್ರೀನ್‌ಶಾಟ್ ತೆಗೆದು ಹಡಗಿನವರ ಮನೆಯವರೆಲ್ಲ ಇರುವ ಗುಂಪಿಗೆ ಹಾಕಿಯಾಗಿತ್ತು. ಒಬ್ಬೊಬ್ಬರಾಗಿ ಎಲ್ಲರೂ ನನಗೆ ಫೋನ್ ಮಾಡತೊಡಗಿದರು. ಒಬ್ಬ ನಾವಿಕನ ಭಾವ ಟಿವಿ ಚಾನೆಲಿನ ವರದಿಗಾರನಿಗೂ ವಿಷಯ ಮುಟ್ಟಿಸಿಬಿಟ್ಟಿದ್ದ.

ನಮ್ಮ ಕಚೇರಿಯ ಹಿರಿಯರು ಕ್ಯಾಪ್ಟನ್ ಜೋಸೆಫ್. ಅರ್ಧ ಆಯುಷ್ಯ ಸಮುದ್ರದಲ್ಲಿ ಕಳೆದವರು, ಸುಲಭಕ್ಕೆ ಬೆವರುವವರಲ್ಲ. ಸ್ಕ್ರೀನ್‌ಶಾಟನ್ನು ಅವರೂ ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದರು. ಹಡಗಿನಲ್ಲಿ ಇಂಟರ್ನೆಟ್ ಇಲ್ಲ. ಆದರೂ ರಾಮಚಂದ್ರನ ಖಾತೆಯಿಂದ ಯಾರೋ ಓದುತ್ತಿದ್ದಾರೆ, ಬರೆಯುತ್ತಿದ್ದಾರೆ. ಹಾಗಾದರೆ ಆ ಫೋನು ಹಡಗಿನಿಂದ ಹೊರಗೆ, ದಡಕ್ಕೆ ಹೋಗಿದೆ ಎಂದಾಯಿತಲ್ಲ? ಯಾರ ಕೈಗೆ?

“ಚಾನೆಲಿನಲ್ಲಿ ಹಡಗಿನ ಹೆಸರು ಬಂದರೆ, ಅವರು ಸುರಕ್ಷಿತವಾಗಿದ್ದರೂ ದಾಳಿ ಮಾಡುವವರಿಗೆ ನಾವೇ ವಿಳಾಸ ಕೊಟ್ಟ ಹಾಗಾಗುತ್ತದೆ,” ಎಂದರು ಕ್ಯಾಪ್ಟನ್ ಜೋಸೆಫ್. “ನೀವು ಹೋಗಿ ಸುಜಾತಾ ಅವರ ಫೋನನ್ನು ಕಣ್ಣಾರೆ ನೋಡಿ ಬನ್ನಿ.”

ನಾನು ವರದಿಗಾರನಿಗೆ ಫೋನ್ ಮಾಡಿ, ಕೈಮುಗಿಯುವುದೊಂದು ಬಾಕಿ ಎಂಬಷ್ಟು ಬೇಡಿಕೊಂಡೆ. ಮಾರನೆಯ ದಿನ ಸಂಜೆಯ ಸುದ್ದಿಯವರೆಗೆ ತಡೆಯುತ್ತೇನೆ, ಅದಕ್ಕಿಂತ ಆಗದು ಎಂದ.

ಬೆಳಗಿನ ರೈಲಿಗೆ ಎರ್ನಾಕುಲಂನಲ್ಲಿ ಹತ್ತಿದೆ. ದಾರಿಯುದ್ದಕ್ಕೂ ಮೂರು ಆ್ಯಪುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ: ಚುಕ್ಕೆ ಅಲ್ಲೇ, ಇಮೇಲ್ ಖಾಲಿ, ಗುಂಪಿನಲ್ಲಿ ಅಳು. ಬೇರೆಯವರಿಗೆ ‘ಆ್ಯಪ್ ನೋಡಬೇಡಿ’ ಎಂದು ಬುದ್ಧಿ ಹೇಳುವವಳು ಕೊಲ್ಲಂ ಬರುವಷ್ಟರಲ್ಲಿ ಮೊಬೈಲಿನ ಚಾರ್ಜನ್ನೇ ಮುಗಿಸಿಕೊಂಡಿದ್ದೆ. ನಿನ್ನೆಯ ವರದಿ ಇನ್ನೂ ಬಂದಿರಲಿಲ್ಲ.

ಸುಜಾತಾ ಅವರ ಮನೆ ಪಟ್ಟಂ ಹತ್ತಿರದ ಕ್ವಾರ್ಟರ್ಸಿನಲ್ಲಿ. ಬಾಗಿಲು ತೆರೆದವರನ್ನು ನೋಡಿ ಸಂಕಟವಾಯಿತು. ಕಣ್ಣು ಬಾತು ಸಣ್ಣದಾಗಿತ್ತು. ಹಜಾರದಲ್ಲಿ ಟಿವಿಯ ಸುದ್ದಿ ಕಿವಿ ಒಡೆಯುವಷ್ಟು ಜೋರಾಗಿತ್ತು. ಮೊದಲ ದಿನದಿಂದಲೂ ಆರಿಸಿಯೇ ಇಲ್ಲವಂತೆ, ಹಡಗಿನ ಸುದ್ದಿ ಬಂದರೆ ತಪ್ಪಿಹೋಗಬಾರದೆಂದು. ಹನ್ನೊಂದು ವರ್ಷದ ಮಗಳು ನಿಧಿ ಹೊಟ್ಟೆನೋವೆಂದು ಶಾಲೆಗೆ ಹೋಗದೆ ಒಳಗಿನ ಕೋಣೆಯಲ್ಲಿದ್ದಳು.

“ಅವಳಿಗೆ ಗೊತ್ತುಂಟಾ?” ಎಂದು ಕೇಳಿದೆ.

“ಎಂತದೂ ಹೇಳ್ಲಿಲ್ಲ. ಸಣ್ಣ ಮಗು, ಹೆದರ್ತಾಳೆ. ಅಪ್ಪನಿಗೆ ಕೆಲಸ ಜಾಸ್ತಿ ಅಂತ ಹೇಳಿದ್ದೇನೆ,” ಎಂದರು. ಆಮೇಲೆ ಮೊಬೈಲು ನನ್ನ ಮುಂದೆ ಹಿಡಿದರು. “ನೋಡಿ, ಈಗ ಕಳಿಸ್ತೇನೆ. ನಿಮ್ಮ ಎದುರೇ ನೀಲಿ ಆಗ್ತದೆ.”

“ಮೊದಲು ಆ ಟಿವಿ ಆಫ್ ಮಾಡಿ ಮಾರಾಯ್ತಿ. ನನಗೆ ತಲೆ ಕೆಡ್ತದೆ.”

ಟಿವಿ ಆರಿತು. ಮನೆ ಒಮ್ಮೆಲೇ ತಣ್ಣಗಾಯಿತು. ಸುಜಾತಾ ಬರೆದರು: ನೀವು ಯಾರು? ನಮ್ಮವರನ್ನು ಎಂತ ಮಾಡಿದ್ದೀರಿ?

ಅವರ ಬೆರಳು ಕಳಿಸುವ ಗುಂಡಿ ಒತ್ತಿದ್ದೇ ತಡ, ಒಳಗಿನ ಕೋಣೆಯಲ್ಲಿ ಟಿಂಗ್ ಎಂದಿತು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಸುಜಾತಾ ಇನ್ನೊಮ್ಮೆ ಒಂದು ಚುಕ್ಕೆ ಮಾತ್ರ ಕಳಿಸಿದರು. ಮತ್ತೆ ಟಿಂಗ್. ಮೊಬೈಲಿನಲ್ಲಿ ಎರಡು ಟಿಕ್ ನಿಧಾನಕ್ಕೆ ನೀಲಿಯಾದವು.

ನಿಧಿ ಮಂಚದ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಲ್ಯಾಪ್‌ಟಾಪು. ತೆರೆಯ ಮೇಲೆ ಅಪ್ಪನ ಖಾತೆ, ಅದರಲ್ಲಿ ಅಮ್ಮನ ಮೆಸೇಜುಗಳು. ಈ ಮೆಸೇಜ್ ಆ್ಯಪಿನ ಖಾತೆಯನ್ನು ಒಮ್ಮೆ ಕಂಪ್ಯೂಟರಿಗೆ ಜೋಡಿಸಿಟ್ಟರೆ, ಫೋನು ಆರಿದ್ದರೂ ಕೆಲವು ದಿನ ಇಲ್ಲಿ ಓದಬಹುದು, ಬರೆಯಬಹುದು. ರಾಮಚಂದ್ರ ರಜೆಗೆ ಬಂದಾಗ ಟಿಕೆಟು ಪ್ರಿಂಟ್ ತೆಗೆಯಲೆಂದು ಜೋಡಿಸಿ ಹಾಗೆಯೇ ಮರೆತು ಹೋಗಿದ್ದರು. ಇಲ್ಲಿ ಓದಿದರೂ ಅಲ್ಲಿ ಟಿಕ್ ನೀಲಿಯೇ. ಓದಿದವರು ಯಾರು, ಎಲ್ಲಿಂದ ಎಂದು ಆ್ಯಪ್ ಹೇಳುವುದಿಲ್ಲ. ಸಮುದ್ರದ ಆಚೆ ಯಾರೋ ಬಂದೂಕು ಹಿಡಿದು ಓದುತ್ತಿದ್ದಾರೆ ಎಂದು ಸುಜಾತಾ ನಿದ್ದೆಗೆಟ್ಟಿದ್ದಾಗ ಓದುತ್ತಿದ್ದವಳು ಗೋಡೆಯಾಚೆಗೆ ಇದ್ದಳು.

“ಞಾನ್ ವಾಯಿಚ್ಚದೇ ಉಳ್ಳೂ,” ಎಂದಳು ನಿಧಿ. ನಾನು ಬರೇ ಓದಿದ್ದು ಎಂದು.

ಸುಜಾತಾ ಕೈಯೆತ್ತಿದರು. ನಾನು ಆ ಕೈ ಹಿಡಿದುಕೊಂಡೆ. ಹೊಡೆಯುವ ಶಕ್ತಿಯೂ ಅವರಲ್ಲಿ ಇರಲಿಲ್ಲ. ಮಂಚದ ತುದಿಯಲ್ಲಿ ಕುಸಿದು ಕುಳಿತರು.

ಮಗು ಮಲಯಾಳದಲ್ಲಿ ಹೇಳಿದ್ದರ ಸಾರ ಇಷ್ಟು. ಅಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳುತ್ತಾರೆ. ಕೇಳಿದರೆ ಏನಿಲ್ಲ ಎನ್ನುತ್ತಾರೆ. ಅಪ್ಪನಿಗೆ ಮಾತ್ರ ಎಲ್ಲ ಬರೆಯುತ್ತಾರೆ, ಆದ್ದರಿಂದ ಅಲ್ಲಿ ಹೋಗಿ ಓದಿದೆ. ನೀವಿಲ್ಲದಿದ್ದರೆ ನಾನೂ ನಿಧಿಯೂ ಏನಾಗಬೇಕು ಎಂದು ಅಮ್ಮ ಬರೆದದ್ದನ್ನೂ ಅವಳು ಓದಿದ್ದಳು. ಶಾಲೆಗೆ ಹೋಗಲು ಭಯವಾಯಿತು, ಹಿಂದೆ ಬರುವಾಗ ಅಮ್ಮ ಇರದಿದ್ದರೆ ಎಂದು. ಹೊಟ್ಟೆನೋವು ಅದಕ್ಕೆ.

“ಮತ್ತೆ ಟೈಪ್ ಮಾಡಿದ್ದು ಎಂತ?” ಎಂದು ಕೇಳಿದೆ.

ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಕಳಿಸದೆ ಬಿಟ್ಟ ಸಾಲೊಂದು ಇಂಗ್ಲಿಷ್ ಅಕ್ಷರದಲ್ಲಿ ಇನ್ನೂ ಅಲ್ಲೇ ಇತ್ತು: ಅಮ್ಮೇ ಪೇಡಿಕ್ಕಂಡ. ಅಮ್ಮಾ, ಹೆದರಬೇಡ.

ಅಪ್ಪ ಬರೆದ ಹಾಗೆ ಬರೆದರೆ ಅಮ್ಮ ಅಳು ನಿಲ್ಲಿಸುತ್ತಾರೆ ಎಂಬುದು ಅವಳ ಲೆಕ್ಕ. ಆದರೆ ಅಪ್ಪ ಬರೆಯುವುದು ಕನ್ನಡದಲ್ಲಿ. ಇವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಬರುವುದು ಮಲಯಾಳದಲ್ಲಿ. ಅದೂ ಅಲ್ಲದೆ ಅಪ್ಪ ಅಮ್ಮನನ್ನು ಅಮ್ಮೇ ಎನ್ನುವುದಿಲ್ಲವಲ್ಲ? ಬರೆದಳು, ಅಳಿಸಿದಳು, ಮತ್ತೆ ಬರೆದಳು. ಹಜಾರದಲ್ಲಿ ಅವಳ ತಾಯಿ ‘ಟೈಪಿಂಗ್’ ನೋಡಿ ನಡುಗುತ್ತಿದ್ದುದು ಆಗಲೇ. ಎಂಥ ಯಂತ್ರ ಮಾಡಿದ್ದಾರಪ್ಪ ಎಂದು ನನಗೆ ಅಂದು ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಈಗಾದರೂ ಸುಜಾತಾ ನಿರಾಳವಾಗುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನೇ ನೋಡುತ್ತ ಕೇಳಿದರು:

“ಹಾಗಾದ್ರೆ ಅಲ್ಲಿ ಯಾರೂ ಇಲ್ವಾ ಅಕ್ಕ?”

ಇಷ್ಟು ದಿನ ಆ ನೀಲಿ ಟಿಕ್ ಹೆದರಿಸಿತ್ತು, ನಿಜ. ಆದರೆ ಆ ಕಡೆ ಯಾರೋ ಒಬ್ಬರಿದ್ದಾರೆ ಎಂಬ ಆಸೆಯನ್ನೂ ಅದೇ ಕೊಟ್ಟಿತ್ತು. ಅದನ್ನೂ ನಾನು ಕಿತ್ತುಕೊಂಡಿದ್ದೆ. ‘ಎಲ್ಲ ಸರಿಯಾಗಿದೆ’ ಎಂಬ ಕಂಪನಿಯ ವಾಕ್ಯ ಬಾಯಿಗೆ ಬಂತು, ನುಂಗಿದೆ. ತಾಯಿ ಮಗಳು ಇಬ್ಬರನ್ನೂ ಕೂರಿಸಿಕೊಂಡು ಹೇಳಬಾರದ್ದನ್ನು ಹೇಳಿದೆ. ಹಡಗಿನ ಸಿಗ್ನಲ್ಲನ್ನೂ ವೈಫೈಯನ್ನೂ ಬೇಕೆಂದೇ ಆರಿಸಿದ್ದಾರೆ. ಮೊನ್ನೆ ಮಧ್ಯಾಹ್ನದವರೆಗೆ ಎಲ್ಲರೂ ಕ್ಷೇಮ. ನಿನ್ನೆಯ ವರದಿ ಬಂದಿಲ್ಲ. ಯಾಕೆಂದು ನನಗೂ ಗೊತ್ತಿಲ್ಲ, ನನಗೂ ಹೆದರಿಕೆಯಾಗಿದೆ. ಗೊತ್ತಾದ ಕೂಡಲೇ, ಒಳ್ಳೆಯದಿರಲಿ ಕೆಟ್ಟದಿರಲಿ, ನಾನೇ ಫೋನ್ ಮಾಡುತ್ತೇನೆ.

ವಿಚಿತ್ರವೆಂದರೆ ಅಷ್ಟು ಕೆಟ್ಟ ಸುದ್ದಿ ಕೇಳಿದ ಮೇಲೆ ಸುಜಾತಾ ಎದ್ದು ಹೋಗಿ ಮುಖ ತೊಳೆದು ಬಂದರು. ಗುಂಪಿಗೆ ತಾವೇ ಧ್ವನಿ ಮೆಸೇಜು ಕಳಿಸಿದರು: ಓದುತ್ತಿದ್ದದ್ದು ನಮ್ಮ ಮಗಳು, ತಪ್ಪಾಯಿತು, ಟಿವಿಯವರಿಗೆ ಯಾರೂ ಏನೂ ಹೇಳಬೇಡಿ. ವರದಿಗಾರನಿಗೆ ನಾನು ಲ್ಯಾಪ್‌ಟಾಪಿನ ಕಥೆ ಹೇಳಿದೆ. ಅವನು ನಕ್ಕ, ಸುದ್ದಿಯನ್ನು ಕೈಬಿಟ್ಟ. ನನಗೆ ನಗು ಬರಲಿಲ್ಲ. ಸಂಜೆಯ ರೈಲಿಗೆ ಕೊಚ್ಚಿಗೆ ಹಿಂತಿರುಗಿದೆ. ಆ ದಿನದ ವರದಿಯೂ ಬರಲಿಲ್ಲ.

ಮರುದಿನ ಹತ್ತು ಗಂಟೆ ಸುಮಾರಿಗೆ ಕ್ಯಾಪ್ಟನ್ ಜೋಸೆಫ್ ತಮ್ಮ ಕೋಣೆಯಿಂದಲೇ ನನ್ನ ಹೆಸರು ಹಿಡಿದು ಕೂಗಿದರು. ಹಡಗು ಅಪಾಯದ ಪ್ರದೇಶ ದಾಟಿತ್ತು. ಸಮುದ್ರ ಒರಟಾಗಿ ಆಂಟೆನಾ ಕೆಟ್ಟಿದ್ದೇ ನಿಜ. ರಿಪೇರಿಯಾದ ಮೇಲೆ ಹಡಗಿನ ಕ್ಯಾಪ್ಟನ್ ಸ್ಯಾಟಲೈಟ್ ಫೋನಿನಲ್ಲಿ ಸಿಕ್ಕಿದ್ದರು. ಒಂದು ನಿಮಿಷ ರಾಮಚಂದ್ರನನ್ನು ಕರೆಸಿ ಎಂದು ಬೇಡಿಕೊಂಡೆ.

“ವಸಂತಕ್ಕನಾ? ಮನೆಯಲ್ಲಿ ಎಲ್ಲ ಸೌಖ್ಯವಾ? ನಿಧಿ ಸರಿಯಾಗಿ ಶಾಲೆಗೆ ಹೋಗ್ತಾಳಾ?” ಎಂದಿತು ಕರಕರ ಸದ್ದಿನ ನಡುವೆ ಶೀತದಿಂದ ಮೂಗು ಕಟ್ಟಿದ ಒಂದು ಸ್ವರ. ಉತ್ತರ ಹೇಳುವಷ್ಟರಲ್ಲಿ ಲೈನು ಹೋಯಿತು.

ಕೂಡಲೇ ಸುಜಾತಾಗೆ ಫೋನ್ ಮಾಡಿದೆ. ಅವರು ಕೇಳಿದರು, ಅತ್ತರು, ಆಮೇಲೆ ಹೇಳಿದರು: “ನಿಧಿಗೆ ನೀವೇ ಹೇಳಿ ಅಕ್ಕ. ನಾನು ಹೇಳಿದ್ರೆ ಅವಳು ನಂಬೂದಿಲ್ಲ.”

ಮಗುವಿಗೆ ಹೇಳಿದೆ. ಸಣ್ಣ ಸ್ವರದಲ್ಲಿ, “ಸತ್ಯಂ ಆಣೋ?” ಎಂದಳು. ನಿಜವಾ, ಇಲ್ಲ ನಾನು ಹೆದರಬಾರದೆಂದು ಹೇಳುವುದಾ ಎಂದೂ ಕೇಳಿದಳು.

“ನಿಜ ಮಗಾ. ನನ್ನ ಕಿವಿಯಲ್ಲೇ ಕೇಳಿದ್ದು. ಅಪ್ಪನಿಗೆ ಸ್ವಲ್ಪ ಶೀತ ಆಗಿದೆ, ಮೂಗು ಕಟ್ಟಿದೆ. ನೀನು ಶಾಲೆಗೆ ಹೋಗ್ತೀಯಾ ಅಂತ ಕೇಳಿದ್ರು.”

ಅವಳು, ನಾನು ಕೇಳಿದ ಮಟ್ಟಿಗೆ ಮೊದಲ ಸಲ, ಕನ್ನಡದಲ್ಲಿ ಹೇಳಿದಳು: “ನಾಳೆ ಹೋಗ್ತೇನೆ ಅಂತ ಹೇಳಿ.”

ನಾನು ನಿವೃತ್ತಳಾಗುವ ಮುನ್ನ ಕಂಪನಿ ಮನೆಯವರಿಗಾಗಿ ತನ್ನದೇ ಆ್ಯಪ್ ಮಾಡಿಸಿತು. ಏನೇನು ಬೇಕು ಎಂದು ಕೇಳಲು ತಿರುವನಂತಪುರದಿಂದ ಇಬ್ಬರು ತರುಣರು ಬಂದರು. ಅಕ್ಷರ ದೊಡ್ಡದಾಗಲಿ, ಜಾಹೀರಾತು ಬೇಡ, ಸಿಗ್ನಲ್ ಇಲ್ಲದಾಗ ಇಲ್ಲ ಎಂದೇ ಹೇಳಲಿ ಎಂದು ನಾನು ಹೇಳುತ್ತ ಹೋದೆ, ಅವರು ಬರೆದುಕೊಂಡರು. ಕೊನೆಗೆ, ಒತ್ತಿದರೆ ಒಬ್ಬ ಮನುಷ್ಯ ಮಾತಾಡುವ ಗುಂಡಿಯೊಂದು ಎಲ್ಲಕ್ಕಿಂತ ಮೇಲೆ ಇರಲಿ ಎಂದೆ. ಅದು ಹಳೆಯ ಕಾಲದ್ದಾಯಿತಲ್ಲ ಮೇಡಂ ಎಂದು ಒಬ್ಬ ನಕ್ಕ. ಆಗಲಿ ಎಂದೆ. ಸುದ್ದಿ ಮುಟ್ಟಿಸಲು ಯಂತ್ರ ಸಾಕು. ಆದರೆ ಹೆದರಿದವರು ಸುದ್ದಿ ಸಿಕ್ಕಿದ ಮೇಲೂ ಒಂದು ಪ್ರಶ್ನೆ ಕೇಳುತ್ತಾರೆ: ನಿಜವಾ? ಅದಕ್ಕೆ ಉತ್ತರ ಕೊಡುವವರು ಯಾರೂ ಇಲ್ಲದ ಮೇಲೆ ಸುದ್ದಿ ಮುಟ್ಟಿತು ಎಂದು ನಾನು ಒಪ್ಪುವುದಿಲ್ಲ.