ಶೈಲಜಾಳ ನೀಲಿ ಇನ್ನೂ ಉರಿಯುತ್ತಿದೆ

ಇಲ್ಲ... ಇದನ್ನು ನನ್ನ ತಲೆ ಒಪ್ಪುತ್ತಿಲ್ಲ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಎಂದಿನಂತೆ ಅವಳಿಗೆ ವಾಟ್ಸಾಪ್ ಮಾಡಿದೆ...
"ನಿನ್ನ ನೀಲಿ ಬದುಕಿದೆ."
ಒಂದೇ ಟಿಕ್ ಬಿತ್ತು.
ಫೋನಿಗೆ ಚಾರ್ಜ್ ಇಲ್ಲವೇನೋ ಅಂದುಕೊಂಡೆ...

ಆಮೇಲೆ ಅವಳ ರಿಸರ್ಚ್ ವಿದ್ಯಾರ್ಥಿನಿ ನಯನಾಳ ಕಾಲ್ ಬಂತು.
ನಸುಕಿನಲ್ಲೇ ಹಾರ್ಟ್ ಅಟ್ಯಾಕ್.
ಮೇಡಂ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ... ಶೈಲಜಾ ಸಾಗರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪ್ರೊಫೆಸರ್. ಊರು ಕರೆಂಟ್ ತಯಾರಾಗುವ ಡ್ಯಾಮಿನ ಪಕ್ಕದ ಮಾಸ್ತಿಕಟ್ಟೆ. ಹೊಸನಗರದಲ್ಲಿ ಪಿಯುಸಿಗೆ ನನ್ನ ಜೊತೆ ಇದ್ದವಳು. ಅವಳು ಕೆಮಿಸ್ಟ್ರಿಯಲ್ಲಿ ಮುಂದಕ್ಕೆ ಹೋದಳು, ನನ್ನನ್ನು ಕೆಮಿಸ್ಟ್ರಿಯೇ ಹೊರಗೆ ಕಳಿಸಿತು. ಅವಳಿಗೆ ಲ್ಯಾಬ್... ನನಗೆ ಸಾಗರದ ಪೇಟೆಯಲ್ಲಿ ಇನ್ವರ್ಟರ್ ಅಂಗಡಿ.
ಲೆಕ್ಕ ನೋಡಿದರೆ ಇಬ್ಬರದೂ ಬೆಳಕಿನ ವ್ಯಾಪಾರವೇ.

ನೀವು ಇದನ್ನು ಓದುತ್ತಿರುವ ಮೊಬೈಲ್ ಪರದೆಯಲ್ಲಿ ತಾವೇ ಬೆಳಗುವ ಅಣುಗಳಿರಬಹುದು. ಅಂಥ ಅಣುಗಳನ್ನು ಕಟ್ಟುವುದು ಅವಳ ಕೆಲಸ. ನಡುವೆ ಒಂದು ಇರಿಡಿಯಂ ಪರಮಾಣು, ಸುತ್ತ ಅದನ್ನು ಹಿಡಿದುಕೊಂಡ ಮೂರು ತೋಳು.
"ಅಷ್ಟು ದುಬಾರಿ ಲೋಹ ಯಾಕೆ ಮಾರಾಯ್ತಿ, ತಾಮ್ರ ಹಾಕು" ಅಂದಿದ್ದೆ.
"ನೋಡು ಸಾಹುಕಾರ, ಸಾದಾ ಅಣುವಿಗೆ ಕರೆಂಟ್ ಕೊಟ್ರೆ ನಾಕರಲ್ಲಿ ಮೂರು ಪಾಲು ಬೆಳಕಾಗದೆ ದಂಡ. ಇರಿಡಿಯಂ ಆ ಮೂರನ್ನೂ ವಸೂಲಿ ಮಾಡ್ತದೆ. ನಿನ್ ಥರ."
ಅಂದಿನಿಂದ ನನಗೆ ಇರಿಡಿಯಂ ಮೇಲೆ ಗೌರವ.

ಕೆಂಪು, ಹಸಿರು ಬಾಳಿಕೆ ಬರುತ್ತವೆ. ನೀಲಿ ಬರುವುದಿಲ್ಲ. ನೀಲಿಗೆ ಬೇಕಾದ ಶಕ್ತಿ ಹೆಚ್ಚು... ಆ ಶಕ್ತಿಯೇ ಅಣುವಿನ ತೋಳು ಮುರಿಯುತ್ತದೆ.
ಬೇಗ ಮಂಕಾಗದ ಒಂದು ನೀಲಿ. ಇಷ್ಟು ವರ್ಷ ಅವಳು ಹುಡುಕಿದ್ದು ಅದನ್ನೇ.

ಕೊನೆಗೆ ಸಿಕ್ಕಿರಬಹುದು ಅಂದಳು. ಗಾಜಿನಲ್ಲಿ ಸೀಲ್ ಮಾಡಿದ ಉಗುರಿನಷ್ಟು ದೀಪ. ಅದರ ಆಯುಷ್ಯ ಅಳೆಯಬೇಕಿತ್ತು. ಹೊತ್ತಿಸಿದ ಮೇಲೆ ಹೊಳಪು ಅರ್ಧಕ್ಕೆ ಇಳಿಯುವವರೆಗೂ ಆರಿಸುವಂತಿಲ್ಲ. ಕತ್ತಲೆ ಡಬ್ಬಿಯೊಳಗೆ ಒಂದು ಸೆನ್ಸರ್ ಅದನ್ನೇ ನೋಡುತ್ತಾ, ಹೊಳಪಿನ ಗ್ರಾಫ್ ಬರೆಯುತ್ತಾ ಕೂತಿರುತ್ತದೆ. ಲ್ಯಾಬಿನ ಕರೆಂಟ್ ನೆಚ್ಚುವ ಹಾಗಿರಲಿಲ್ಲ. ಹಾಗಾಗಿ ಆ ಡಬ್ಬಿ ನನ್ನ ಬ್ಯಾಟರಿಗಳ ನಡುವೆ ಬಂದು ಕೂತಿತು.
"ಡ್ಯಾಮ್ ಪಕ್ಕ ಹುಟ್ಟಿದವಳು ಕರೆಂಟ್ ಭಿಕ್ಷೆಗೆ ಬಂದ್ಯಾ?" ಅಂತ ರೇಗಿಸಿದ್ದೆ...

ಶೈಲಾ...
ಇವತ್ತು ನಿನ್ನ ಅಮ್ಮ ಫೋನ್ ಮಾಡಿದ್ದರು ಕಣೇ.
ಅಷ್ಟರಲ್ಲಿ ನಿನ್ನನ್ನು ಮಾಸ್ತಿಕಟ್ಟೆಗೆ, ನಿನ್ನ ಅಣ್ಣನ ಮನೆಗೆ ಕರೆದೊಯ್ದಿದ್ದರು. ತಲೆಯ ಹತ್ತಿರ ದೀಪ ಇಡಬೇಕಲ್ಲ...
"ಅವಳು ಮಾಡಿದ್ ದೀಪ ನಿನ್ ಅಂಗಡೀಲಿ ಇದ್ಯಂತಲ್ಲ ಮಾರಾಯ. ತಗಂಡ್ ಬಾರಾ. ಎಣ್ಣೆ ದೀಪ ಬ್ಯಾಡ. ಅವಳ್ದೇ ಇಡಾಣ."
ಆಯ್ತಮ್ಮ ಅಂದುಬಿಟ್ಟೆ.
ಫೋನಿಟ್ಟ ಮೇಲೆ ಹೊಳೆಯಿತು... ಪ್ಲಗ್ ಕಿತ್ತರೆ ಟೆಸ್ಟ್ ಅಲ್ಲಿಗೆ ಮುಗಿಯಿತು.
ನಯನಾ ಅಳುತ್ತಲೇ ಹೇಳಿದಳು, "ದೀಪಕ್ಕೆ ಹಾಕಿದ ಆ ಅಣುವಿನ ಪುಡಿ ಖಾಲಿ ಆಗಿದೆ ಅಂಕಲ್. ಮತ್ತೆ ಮಾಡಕ್ಕೆ ಮೇಡಂ ಬೇಕು..."

ನಿನಗೆ ಯಾವುದು ಬೇಕಿತ್ತು, ಹೇಳು?
ಅಮ್ಮನ ಆಸೆ ತೀರುವುದೋ... ನಿನ್ನ ಉತ್ತರ ಸಿಗುವುದೋ?
ಡಬ್ಬಿಯೊಳಗಿನಿಂದ ಯಾರೋ ನನ್ನನ್ನೇ ನೋಡುತ್ತಿರುವ ಹಾಗಿತ್ತು...

ನನ್ನದು ವ್ಯಾಪಾರಿ ಬುದ್ಧಿ. ಎರಡು ಕಡೆಯೂ ನಷ್ಟ ಆಗಬಾರದು. ಉರಿಯುತ್ತಿದ್ದ ಹಾಗೆಯೇ ಡಬ್ಬಿ, ಬ್ಯಾಟರಿ, ಇನ್ವರ್ಟರ್ ಎಲ್ಲವನ್ನೂ ಓಮ್ನಿಗೆ ಏರಿಸಿದೆ. ನಯನಾ ಮುಂದೆ ಕೂತು ಡಬ್ಬಿಯನ್ನು ತೊಡೆಯ ಮೇಲೆ ಹಿಡಿದಳು. ಹಿಂದಿನ ಸೀಟಿನಲ್ಲಿ ಬ್ಯಾಟರಿ ಬಿಟ್ಟರೆ ಏನೂ ಇರಲಿಲ್ಲ.
ಆದರೂ ರಸ್ತೆಯ ಪ್ರತಿ ಗುಂಡಿಗೂ ಅಲ್ಲಿ ಯಾರೋ ಉಸಿರು ಬಿಗಿಹಿಡಿದ ಹಾಗೆ...
ಮಾಸ್ತಿಕಟ್ಟೆ ಬರುವವರೆಗೂ ನಾನು ಕನ್ನಡಿ ನೋಡಲಿಲ್ಲ.

ನಡುಮನೆಯ ಮಬ್ಬಿನಲ್ಲಿ ನಿನ್ನ ತಲೆಯ ಹತ್ತಿರ ಇಟ್ಟೆವು. ಮುಚ್ಚಿದ ಕರಿ ಡಬ್ಬಿ.
"ಎಂತದಾ ಇದು? ದೀಪ ಎಲ್ಲಿ?" ಅಂದರು ಅಮ್ಮ.
ಮುಚ್ಚಳ ತೆಗೆದರೆ ಹೊರಗಿನ ಬೆಳಕು ಸೆನ್ಸರಿಗೆ ಬೀಳುತ್ತದೆ. ನಯನಾಳ ಮುಖ ನೋಡಿದೆ.
"ತೆಗೀರಿ ಅಂಕಲ್. ಗ್ರಾಫಲ್ಲಿ ಒಂದು ಗುಡ್ಡ ಏಳ್ತದೆ, ಅಷ್ಟೇ. ಯಾಕೆ ಅಂತ ನಾನು ಬರೀತೀನಿ."

ತೆಗೆದೆ.
ನಿನ್ನ ಹಣೆಯ ಮೇಲೆ ತೆಳ್ಳಗೆ ನೀಲಿ ಬಿತ್ತು ಶೈಲಾ...
ಅಳುತ್ತಿದ್ದವರೆಲ್ಲ ಹತ್ತಿರ ಬಂದು ಬಗ್ಗಿ ನೋಡಿದರು.

ಅಮ್ಮ ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.
"ಇದು ಎಷ್ಟ್ ದಿನ ಉರೀತದಾ?"

ಇದೊಂದು ಪ್ರಶ್ನೆಗೇ ಅಲ್ಲವೇನೇ ನೀನು ಇಷ್ಟು ವರ್ಷ ಸವೆಸಿದ್ದು...

"ಗೊತ್ತಿಲ್ಲಮ್ಮ. ಅದನ್ನ ನೋಡಕ್ಕೇ ಹಚ್ಚಿಟ್ಟಿದ್ಲು."
"ಹೌದಾ... ಹಂಗಾರೆ ಮುಚ್ಚು. ವಾಪಸ್ ತಗಂಡ್ ಹೋಗು. ಅರ್ಧಕ್ಕೆ ಬಿಡೋಳಲ್ಲ ಅವಳು."
ಅಮ್ಮ ಬತ್ತಿ ಹೊಸೆಯಲು ಕೂತರು.

ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಡಬ್ಬಿ ಮತ್ತೆ ಓಮ್ನಿಯಲ್ಲಿದೆ... ಕಾವಲಿಗೆ ನಯನಾ ಇದ್ದಾಳೆ.

ಹೋಗಿ ಬಾ ಗೆಳತಿ...
ನಿನ್ನ ಜೀವಕ್ಕೆ ಇನ್ನಾದರೂ ವಿಶ್ರಾಂತಿ ಇರಲಿ. ಹೋದಲ್ಲಿ ತಣ್ಣಗಿರು.